ಬಾನಿಯ ನೀರಿನಲ್ಲಿ ಸ್ಪೈರಿಲ್ಲಂ

ನಮ್ಮ ಸೈನ್ಸ್ ಮಿಸ್ ಅವರ ಬಲಗಣ್ಣಿನ ಸುತ್ತ ಬಳೆ ಒತ್ತಿದ ಹಾಗೆ ಒಂದು ಗುರುತಿತ್ತು. ಮೈಕ್ರೋಸ್ಕೋಪಿಗೆ ಕಣ್ಣೊತ್ತಿ ಒತ್ತಿ ಆದದ್ದು. ಸಂಜೆ ಡೆಂಕಣಿಕೋಟೆ ಬಸ್ಸಿಗೆ ಕಾಯುವಾಗಲೂ ಅದು ಮಾಸಿರುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆ. ಹೊಸೂರಿನ ನಮ್ಮ ಕಾನ್ವೆಂಟಿನಲ್ಲಿದ್ದದ್ದು ಒಂದೇ ಮೈಕ್ರೋಸ್ಕೋಪು. ಮಿಸ್ ಜಾಡಿಯೊಂದರಲ್ಲಿ ಕೆರೆನೀರಿಗೆ ಒಣಹುಲ್ಲು ಹಾಕಿ ವಾರಗಟ್ಟಲೆ ಕೊಳೆಯಲು ಬಿಡುತ್ತಿದ್ದರು. ಅದರ ಹನಿಯಲ್ಲಿ ಸ್ಪೈರಿಲ್ಲಂ ಎಂಬ ಸುರುಳಿ ಬ್ಯಾಕ್ಟೀರಿಯಾ ಸಿಕ್ಕರೆ ಅವರಿಗೆ ಹಬ್ಬ. ನಮ್ಮನ್ನು ಕೂರಿಸಿ, "ಏನ್ ಕಾಣ್ತದೆ ಹೇಳು. ಬುಕ್ಕಲ್ಲಿರೋದು ಬ್ಯಾಡ, ಕಂಡಿದ್ದು ಹೇಳು" ಎನ್ನುತ್ತಿದ್ದರು.

ಹತ್ತನೇ ಕ್ಲಾಸಿನಲ್ಲಿ ನನಗೊಂದು ಸಂಶಯ ಬಂತು. ಮಿಸ್ ಚಾಕ್‌ಪೀಸನ್ನು ತಡವಿ ಹುಡುಕುತ್ತಿದ್ದರು. ಒಂದು ದಿನ ಸ್ಲೈಡನ್ನೇ ಇಡದೆ ಬಹಳ ಹೊತ್ತು ಬಗ್ಗಿ ನೋಡಿದರು. ನಾನು ಸದ್ದಿಲ್ಲದೆ ಸ್ಲೈಡ್ ಇಟ್ಟೆ.

ಹೆಡ್‌ಮಿಸ್ಟ್ರೆಸ್ಸಿಗೂ ಅನುಮಾನವಿತ್ತು. ಇನ್‌ಸ್ಪೆಕ್ಷನ್ನಿಗೆ ಬರುವ ಆಫೀಸರಿಗೆ ಮಿಸ್ ಜೀವಂತ ಸ್ಪೈರಿಲ್ಲಂ ತೋರಿಸಬೇಕು. ಆಗದಿದ್ದರೆ ಬೇರೆ ಟೀಚರ್ ಬರುತ್ತಾರೆ ಎಂದುಬಿಟ್ಟಿದ್ದರು. ಇನ್‌ಸ್ಪೆಕ್ಷನ್ನಿನ ಹಿಂದಿನ ದಿನ ಶಾಲೆಯ ಆಯಾ ಎಲ್ಲವನ್ನೂ ತೊಳೆಯುವ ಭರದಲ್ಲಿ ಆ ಜಾಡಿಯನ್ನೂ ಬೂದಿ ಹಾಕಿ ತಿಕ್ಕಿ ಬೋರಲಿಟ್ಟಳು.

"ಗಬ್ಬು ನಾರ್ತಿತ್ತು ಮಿಸ್, ಚೆಲ್ಬುಟ್ಟೆ!"

"ಪಳಪಳ ಅನ್ತಿರ್ಬೇಕಲ್ವಾ" ಎಂದು ಮಿಸ್ ಜಾಡಿಯನ್ನು ಸವರಿದರು. ಬೈಯಲಿಲ್ಲ.

ಬಾಗಲೂರಿನ ನಮ್ಮ ಹಿತ್ತಲಲ್ಲಿ ದನ ನೀರು ಕುಡಿಯುವ ಕಲ್ಲುಬಾನಿಯಿತ್ತು. ಎಷ್ಟು ತೊಳೆದರೂ ಅದರ ಬಿರುಕು ಮೂಲೆಗೆ ಕೈ ಹೋಗುತ್ತಿರಲಿಲ್ಲ. ಅಲ್ಲಿ ಹುಲ್ಲು ಕೊಳೆತು ಕೆನೆಗಟ್ಟಿತ್ತು. ಮರುದಿನ ಬೆಳಿಗ್ಗೆ ಅದನ್ನು ಬಾಟಲಿಗೆ ತುಂಬುತ್ತಿದ್ದಾಗ ಅಜ್ಜಿ ಕಂಡಳು.

"ಬಾನಿ ನೀರ್ನ ಕಾನ್ವೆಂಟ್‌ಗೆ ಒತ್ಕೊಂಡೋಗ್ತೀಯೇನೆ? ಅಲ್ಲೇನು ಎಮ್ಮೆ ಕಟ್ಟವ್ರಾ?"

ಶಾಲೆಯಲ್ಲಿ ನಾನೇ ಮೈಕ್ರೋಸ್ಕೋಪಿಗೆ ಕಣ್ಣೊತ್ತಿದೆ. ಮೊದಲ ಎರಡು ಹನಿಯಲ್ಲಿ ಏನೂ ಸಿಗಲಿಲ್ಲ. ಮಿಸ್ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಪಕ್ಕದಲ್ಲೇ ನಿಂತಿದ್ದರು. ಮೂರನೆಯದರಲ್ಲಿ ಕಂಡಿತು.

"ಸೋರೆಬಳ್ಳಿ ಕುಡಿ ಥರ ಸುರುಳಿ ಮಿಸ್! ತಿರುಪಿನಂಗೆ ತಿರುಗ್ತಾ ಓಡ್ತೈತೆ. ಅಡ್ಡ ಏನಾದ್ರೂ ಸಿಕ್ರೆ ಮೈ ತಿರುಗ್ಸೋದೇ ಇಲ್ಲ, ಅಂಗೇ ಹಿಂದಕ್ಕೆ ಬತ್ತದೆ."

ಮಿಸ್ ಕಣ್ಣೊತ್ತಿದರು. "ಹೂಂ, ಕಂಡೆ" ಎಂದರು. ಕಾಣಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆಫೀಸರು ಬಂದಾಗ ಮಿಸ್ ನಾನು ಹೇಳಿದ್ದನ್ನೇ ಒಂದೂ ಬಿಡದೆ ವಿವರಿಸಿದರು. ಆಫೀಸರು ಬಗ್ಗಿ ನೋಡಿ, "ನಲ್ಲಾ ತೆರಿಯುದು ಟೀಚರ್", ಚೆನ್ನಾಗಿ ಕಾಣುತ್ತಿದೆ ಎಂದು ತಮಿಳಿನಲ್ಲಿ ಮೆಚ್ಚಿದರು. ಮಿಸ್ ಇನ್ನೂ ಮೂರು ವರ್ಷ ಪಾಠ ಮಾಡಿದರು. ಪ್ರತಿ ವರ್ಷವೂ ಪಕ್ಕದಲ್ಲೊಬ್ಬಳು ಹುಡುಗಿ ಇರುತ್ತಿದ್ದಳಂತೆ.

ನಾನು ಮದುವೆಯಾಗಿ ಕೃಷ್ಣಗಿರಿ ಸೇರಿದ ಮೇಲೆ ಒಮ್ಮೆ ಅವರ ಮನೆಗೆ ಹೋಗಿದ್ದೆ. ಆ ಹೊತ್ತಿಗೆ ದೃಷ್ಟಿ ಪೂರ್ತಿ ಹೋಗಿತ್ತು. ನನ್ನ ಕೈ ಹಿಡಿದು ಕಿಟಕಿಯ ಕಡೆ ತಿರುಗಿಸಿದರು.

"ಏನ್ ಕಾಣ್ತದೆ ಹೇಳು."

"ರಾಗಿ ಹೊಲ, ಮಿಸ್."

"ಅಷ್ಟೇನಾ? ನಿಧಾನಕ್ಕೆ ನೋಡು."

ನಿಧಾನಕ್ಕೆ ನೋಡಿದೆ. ಮುಷ್ಟಿ ಹಿಡಿದಂತೆ ಒಳಕ್ಕೆ ಮಡಿಸಿದ ತೆನೆ, ಅದರ ಮೇಲೊಂದು ಜೇಡ, ಬದುವಿನ ಮೇಲೆ ಯಾರೋ ಮರೆತುಹೋದ ಕೆಂಪು ಟವೆಲ್ಲು. ಒಂದೊಂದಕ್ಕೂ ಅವರು "ಹೂಂ, ಕಂಡೆ" ಎಂದರು. ಮರುತಿಂಗಳು ತೀರಿಕೊಂಡರು.

ಅಂದು ಕಂಡದ್ದನ್ನೆಲ್ಲ ಹೇಳಿದೆ. ಅವರ ಕಣ್ಣಿನ ಸುತ್ತ ಇದ್ದ ಆ ಗುರುತು ಮಾಸಿಹೋಗಿತ್ತು. ಅದೊಂದನ್ನು ಮಾತ್ರ ಹೇಳಲಿಲ್ಲ.