ಐರಿನ್ ಹಾಕಿದ ಮತ

ಮಂಗಳೂರಿನ ಐರಿನ್ ಕ್ರಾಸ್ತಾ ಷಿಕಾಗೋದಲ್ಲಿ ನರ್ಸಾಗಿ ದುಡಿದು ಅಮೆರಿಕದ ಪ್ರಜೆಯಾದವರು. ಗಂಡ ತೀರಿಕೊಂಡ ಮೇಲೆ ಲಂಡನ್ನಿನ ಎಜ್‌ವೇರ್‌ನಲ್ಲಿ ತಂಗಿಯ ಜೊತೆ ನೆಲೆಸಿದರು. ಮಗ ಮೆಲ್ವಿನ್ ಅಮೆರಿಕದ ಸೈನಿಕನಾಗಿ ಇರಾಕಿನಲ್ಲಿದ್ದ.

೨೦೦೮ರಲ್ಲಿ ಡೆಮಾಕ್ರಟಿಕ್ ಪಕ್ಷ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ಲಂಡನ್ನಿನ ಅಮೆರಿಕನ್ನರಿಗೂ ಮತದಾನ ಏರ್ಪಡಿಸಿತು. ಪೈಪೋಟಿಯಲ್ಲಿದ್ದ ಇಬ್ಬರಲ್ಲಿ ಒಬ್ಬರು ಇರಾಕ್ ಯುದ್ಧಕ್ಕೆ ಒಪ್ಪಿಗೆ ಕೊಟ್ಟವರು, ಇನ್ನೊಬ್ಬರು ಅದನ್ನು ಮೊದಲಿನಿಂದಲೂ ತಪ್ಪೆಂದವರು.

“ತಪ್ಪು ಅಂದವರಿಗೆ ಹಾಕ್ಬೇಡ ಮಮ್ಮಿ,” ಎಂದು ಮೆಲ್ವಿನ್ ಫೋನಿನಲ್ಲಿ ಹೇಳಿದ್ದ. “ಹಾಗಾದ್ರೆ ನನ್ನ ಫ್ರೆಂಡ್ಸ್ ಇಲ್ಲಿ ಸುಮ್ಮನೆ ಸತ್ತದ್ದಾ?”

ಮತಪತ್ರ ಹಿಡಿದು ಐರಿನ್ ಬಹಳ ಹೊತ್ತು ನಿಂತರು. ಮಗನನ್ನು ಅಲ್ಲಿಗೆ ಕಳಿಸಲು ಒಪ್ಪಿದವರಿಗೆ ಗುರುತು ಹಾಕಲು ಕೈ ಬರಲಿಲ್ಲ. ಇನ್ನೊಬ್ಬರಿಗೆ ಹಾಕಿದರು.

ಭಾನುವಾರ ಮೆಲ್ವಿನ್ ಕೇಳಿದ, “ಯಾರಿಗೆ ಹಾಕಿದ್ದು?”

“ನೀನು ಹೇಳಿದ ಹಾಗೇ,” ಎಂದರು ಐರಿನ್.

ಅವನು ಖುಷಿಯಾಗಿ, ಸತ್ತ ಗೆಳೆಯರ ಒಬ್ಬೊಬ್ಬರ ಕತೆಯನ್ನೂ ಹೇಳತೊಡಗಿದ. ಐರಿನ್ ಫೋನ್ ಇಡಲಾರದೆ ಕೇಳುತ್ತ ಕುಳಿತರು.