ಶಂಕಿತೆಯ ಕುರ್ಚಿಯಲ್ಲಿ

ಅದು ಆಷಾಢದ ಒಂದು ಭಾನುವಾರವೆಂದೇ ಬಹಳ ಕಾಲ ನಂಬಿದ್ದೆ. ಶಾಸನಗಳ ಕಾಲನಿರ್ಣಯದಲ್ಲಿ ವೃತ್ತಿಜೀವನ ಕಳೆದವನಿಗೆ ಸ್ವಂತ ನೆನಪನ್ನೂ ಪರಿಶೀಲಿಸದೆ ಒಪ್ಪುವ ಅಭ್ಯಾಸವಿರುವುದಿಲ್ಲ. ನನ್ನ ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ ತಾಯಿ ಮಗಳಲ್ಲಿ ತಾಯಿ ಆ ದಿನ ಉಪವಾಸವಿದ್ದರೆಂಬುದು ಖಚಿತ. ಅವರು ಉಪವಾಸ ಮಾಡುವುದು ಶ್ರಾವಣದ ಸೋಮವಾರಗಳಲ್ಲಿ ಮಾತ್ರ. ಆದ್ದರಿಂದ ಮಾಸ ಶ್ರಾವಣ, ವಾರ ಸೋಮವಾರ. ಇಷ್ಟನ್ನು ತಿದ್ದಿಕೊಂಡ ಮೇಲೂ ಆ ಮಧ್ಯಾಹ್ನ ಯಾವ ವಾರಕ್ಕೂ ಸೇರದೆ, ಬೇಗೂರು ಕೆರೆಯ ಮೇಲೆ ಕೆಲವೊಮ್ಮೆ ಬೆಳಗ್ಗೆ ತಂಗುವ ಮಬ್ಬಿನಂತೆ ತನ್ನಷ್ಟಕ್ಕೆ ನಿಂತಿದೆ.

ಕೆಳಗಿನ ಮನೆಯಲ್ಲಿದ್ದದ್ದು ಹಾವೇರಿ ಕಡೆಯ ತಾಯಿ, ಮಗಳು. ಮಗಳು ಎಲೆಕ್ಟ್ರಾನಿಕ್ ಸಿಟಿಯ ಕೆಲಸ ಬಿಟ್ಟು ಒಂದು ಪತ್ತೇದಾರಿ ಆಟ ಕಟ್ಟುತ್ತಿದ್ದಳು. ಮೇಜಿನ ಸುತ್ತ ಕುಳಿತು ಆಡುವ ಆಟ. ಪೀಣ್ಯದ ಒಂದು ಕಾರ್ಖಾನೆಯಿಂದ ಬಿಡಿಭಾಗಗಳನ್ನು ಎರಕ ಹೊಯ್ಯುವ ಬೆಲೆಬಾಳುವ ಅಚ್ಚೊಂದು ಕಾಣೆಯಾಗಿದೆ. ಒಬ್ಬರು ಅಲ್ಲಿನ ಉಗ್ರಾಣ ನೋಡಿಕೊಳ್ಳುವ ಹೆಂಗಸಾಗಿ ಶಂಕಿತೆಯ ಕುರ್ಚಿಯಲ್ಲಿ ಕೂರಬೇಕು, ಉಳಿದವರು ಪತ್ತೇದಾರರಾಗಿ ವಿಚಾರಿಸಬೇಕು. ಪ್ರತಿ ಪತ್ತೇದಾರನ ಕೈಯಲ್ಲೂ ಒಂದು ಕಾರ್ಡು. ಅದರಲ್ಲಿ ಗದರಿಕೆ, ನೆನಪು, ಸಲಿಗೆ ಎಂಬ ಮೂರು ಗುಣಗಳಿಗೆ ಐದರವರೆಗೆ ಅಂಕ. ಈ ಅಂಕಗಳೇ ವಿಚಾರಣೆಯ ದಾರಿಯನ್ನು ನಿರ್ಧರಿಸಬೇಕೆಂಬುದು ಅವಳ ಬಯಕೆ. ಅದೊಂದೇ ಕೈಗೂಡುತ್ತಿರಲಿಲ್ಲ. ಅಷ್ಟರಲ್ಲಿ ಹಳೆಯ ಕಚೇರಿಯವರು ಮರಳಿ ಕರೆದಿದ್ದರು. ಸಂಜೆಯೊಳಗೆ ಉತ್ತರ ಹೇಳಬೇಕಿತ್ತು.

"ಇವತ್ತೂ ಆಟ ಸರಿಹೋಗದಿದ್ರೆ ಕೆಲಸಕ್ಕೆ ಹೋಗ್ಬಿಡ್ತೀನಿ ಸರ್," ಎಂದಳು ನನ್ನೊಡನೆ.

ನಮ್ಮ ಜೊತೆಗೂಡಿದವರು ಮನೆಯ ಮಾಲೀಕರು. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈ ನಾಲ್ಕಂತಸ್ತಿನ ಕಟ್ಟಡ ಕಟ್ಟಿಸಿದವರು. ಮನೆ ಕೇಳಿಕೊಂಡು ಬಂದವರನ್ನು ಮೆಟ್ಟಿಲ ಬಳಿ ನಿಲ್ಲಿಸಿ ವಿಚಾರಿಸುವುದರಲ್ಲಿ ಪಳಗಿದ್ದರು. ನನ್ನ ತಾಯಿಯ ತವರೂರನ್ನು ಮೊದಲ ಭೇಟಿಯಲ್ಲೇ ಹೇಗೆ ಹೇಳಿಬಿಟ್ಟೆನೆಂಬುದು ನನಗೆ ಇಂದಿಗೂ ತಿಳಿಯದು. ಮೊದಲ ಸುತ್ತಿನಲ್ಲಿ ಮಗಳು ಶಂಕಿತೆಯಾದಳು. ಮಾಲೀಕರು ತಮ್ಮ ಕಾರ್ಡನ್ನು ತೊಡೆಯ ಕೆಳಗಿಟ್ಟುಕೊಂಡು ಒಂದೇ ಉಸಿರಿನಲ್ಲಿ ಕೇಳಿದರು.

"ಯಾವೂರಮ್ಮ ನಿಂದು? ಮನೇಲಿ ಎಷ್ಟ್ ಜನ? ಯಜಮಾನ್ರು ಏನ್ ಮಾಡ್ತಾರೆ? ಬೀಗದ ಕೈ ಯಾರತ್ರ ಇರ್ತದೆ?"

ಅವಳು ಎಲ್ಲದಕ್ಕೂ ಉತ್ತರಿಸಿ, ಆಮೇಲೆ ಎಚ್ಚರವಾದವಳಂತೆ, "ಅಂಕಲ್, ನಿಮ್ಮ ಕಾರ್ಡಲ್ಲಿ ಸಲಿಗೆ ಒಂದೇ ಇರೋದು. ಅವಳು ನಿಮ್ಗೆ ಇಷ್ಟೆಲ್ಲಾ ಹೇಳಂಗಿಲ್ಲ," ಎಂದಳು.

"ಒಂದಾದ್ರೇನಮ್ಮ, ಬಾಯಿ ನಂದೇ ಅಲ್ವಾ?"

ತೊಡಕು ಅಲ್ಲಿಯೇ ಇತ್ತು. ಮಾತು ಬಲ್ಲವನ ಕೈಯಲ್ಲಿ ಅಂಕಕ್ಕೆ ಬೆಲೆಯಿಲ್ಲ. ದಾಳ ಉರುಳಿಸಿ ಅಂಕಕ್ಕೇ ತೀರ್ಪು ಬಿಟ್ಟರೆ ಮಾತಿಗೆ ಕೆಲಸವಿಲ್ಲ. ಎರಡನ್ನೂ ಪ್ರಯತ್ನಿಸಿ ಸೋತಿದ್ದ ಅವಳು ಮೇಜಿನ ಮೇಲೆ ತಲೆಯಿಟ್ಟಳು. ಗೋಡೆಗೊರಗಿ ಅರೆನಿದ್ದೆಯಲ್ಲಿದ್ದಂತಿದ್ದ ತಾಯಿ ಕಣ್ಣು ತೆರೆಯದೆಯೇ ಹೇಳಿದರು: "ನೀ ಏಳ ಅಲ್ಲಿಂದ. ನಾ ಕುಂದರ್ತೀನಿ."

ಕಾರ್ಡುಗಳನ್ನು ಮತ್ತೆ ಹಂಚಿದೆವು. ಮಾಲೀಕರಿಗೆ ಗದರಿಕೆ ಐದು, ನನಗೆ ನೆನಪು ಐದು, ಮಗಳಿಗೆ ಸಲಿಗೆ ಐದು. ಎಲ್ಲೋ ನೀರಿನ ಮೋಟರು ಒಂದೇ ಶ್ರುತಿಯಲ್ಲಿ ಗುನುಗುತ್ತಿತ್ತು. ಪರದೆ ಗಾಳಿಗೆ ಉಬ್ಬಿ ಇಳಿದಾಗಲೆಲ್ಲ ಬೆಳಕು ಗೋಡೆಯ ಮೇಲೆ ನೀರಿನಂತೆ ಸರಿಯುತ್ತಿತ್ತು. ತಾಯಿ ಸೆರಗು ಹೊದ್ದು ಕುಳಿತರು. ಕುಳಿತವರು ಅವರೇ ಎಂದು ಹೇಳಲಾಗದಂತೆ ಕುಳಿತರು. ಆಮೇಲೆ ಕೈಚಾಚಿ ಮಾಲೀಕರ ಕಾರ್ಡನ್ನೇ ತೆಗೆದುಕೊಂಡು, ಕನ್ನಡಕವಿಲ್ಲದ್ದರಿಂದ ದೂರ ಹಿಡಿದು ಓದಿದರು.

"ಅವ್ವಾ, ನಮ್ಮ ಕಾರ್ಡ್ ನೀ ನೋಡಬಾರ್ದು."

"ಕೇಳಾಕ ಬಂದೋರು ಯಾರಂತ ನೋಡದ ಹೆಂಗ ಮಾತಾಡ್ಲಿ?"

ಮಾಲೀಕರು ಗಂಟಲು ಸರಿಪಡಿಸಿಕೊಂಡರು. "ಅಚ್ಚು ತಗೊಂಡಿದ್ದು ನೀನೇ ತಾನೆ?"

ಅವರು ತಲೆ ತಗ್ಗಿಸಿದರು. "ಹೂನ್ರೀ ಅಣ್ಣಾರ. ನಾನ."

"ಯಾವತ್ತು?"

"ಆಯುಧಪೂಜಿ ದಿನ."

"ಮುಗೀತಲ್ಲ ಕೇಸು. ಇಂಗೆ ಕೇಳ್ಬೇಕು ಮೇಷ್ಟ್ರೇ," ಎಂದು ಮಾಲೀಕರು ಹಿಂದಕ್ಕೊರಗಿದರು.

ನನ್ನ ಸರದಿ. ನನ್ನ ಕಾರ್ಡನ್ನು ಓದಿ ತಾಯಿ ಬೆನ್ನು ನೆಟ್ಟಗೆ ಮಾಡಿಕೊಂಡರು. ಆ ದಿನದ ಕ್ರಮವನ್ನು ಕೇಳಿದೆ. ಬೆಳಗ್ಗೆ ಯಂತ್ರ ತೊಳೆದದ್ದು, ಅಚ್ಚನ್ನೂ ಸೇರಿಸಿ ಉಪಕರಣಗಳನ್ನೆಲ್ಲ ಮಣೆಯ ಮೇಲೆ ಜೋಡಿಸಿ ಕುಂಕುಮ ಇಟ್ಟದ್ದು, ಪೂಜೆ ಮುಗಿದ ಮೇಲೆ ಬೀಗ ಹಾಕಿದ್ದು, ಮರುದಿನ ಅಚ್ಚಿನ ಕುಂಕುಮವನ್ನು ತಾನೇ ಒರೆಸಿದ್ದು. ಕೇಳಿದ್ದಕ್ಕೆ ಉತ್ತರ, ಅದರಾಚೆ ಒಂದಕ್ಷರವಿಲ್ಲ. ಮರುದಿನವೂ ಮಣೆಯ ಮೇಲಿದ್ದ ಅಚ್ಚು ಹಬ್ಬದ ದಿನ ಕಳುವಾಗಿರಲಾರದು. ಎರಡು ಶಾಸನಗಳನ್ನು ಪಕ್ಕದಲ್ಲಿಟ್ಟು ಒಂದು ಕೂಟಶಾಸನ, ಅಂದರೆ ಖೋಟಾ, ಎಂದು ತೋರಿಸುವುದು ನನಗೆ ಹೊಸತಲ್ಲ. ಆದರೆ ಓದುವವನ ಮುಖ ನೋಡಿ ತಲೆ ತಗ್ಗಿಸುವ ಕಲ್ಲನ್ನು ನಾನು ಕಂಡಿರಲಿಲ್ಲ. ನಮಗಾರಿಗೂ ಪರಿಚಯವಿಲ್ಲದ ಹೆಂಗಸೊಬ್ಬಳು ಆ ಬೆಳಕಿನಲ್ಲಿ ನಿಜವಾಗಿಯೂ ಬಂದು ಕುಳಿತಿದ್ದಾಳೆಂದು ಒಂದು ಗಳಿಗೆ ನನಗನ್ನಿಸಿತು.

ಮಗಳು ತನ್ನ ಕಾರ್ಡನ್ನು ತಾನಾಗಿಯೇ ತಾಯಿಯ ಮುಂದಿಟ್ಟಳು. "ಹಂಗಾದ್ರ ಆಗ ಯಾಕ ಒಪ್ಕೊಂಡ್ರಿ ಅಕ್ಕಾರ?"

"ಅವರು ಅದನ್ನ ಕೇಳಾಕ ಬಂದಿದ್ರವ್ವಾ. ಕೊಟ್ಟು ಕಳಿಸಿದೆ. ಈ ಸರ ಆವತ್ತು ಏನೇನಾತು ಅಂತ ಕೇಳಾಕ ಬಂದಿದ್ರು, ಅದನ್ನ ಹೇಳಿದೆ." ಮತ್ತೆ ಸೇರಿಸಿದರು: "ನೀ ಏನು ಕಂಡಿ ಅಂತ ಇನ್ನೂ ಯಾರೂ ಕೇಳಿಲ್ಲ."

ಮಗಳು ಮೇಜಿನ ಮೇಲಿದ್ದ ಮೂರು ಕಾರ್ಡುಗಳನ್ನೂ ತಾಯಿಯ ಕಡೆಗೆ ಮುಖಮಾಡಿ ಸಾಲಾಗಿ ಇಟ್ಟಳು. ಅಂಕವಿರಬೇಕಾದದ್ದು ಕೇಳುವವನ ನಾಲಗೆಗಲ್ಲ, ಉತ್ತರಿಸುವವಳ ಕಣ್ಣಿಗೆ. ಅದನ್ನು ಓದಿ ಯಾರಿಗೆ ಏನು, ಎಷ್ಟು ಹೇಳಬೇಕೆಂದು ಶಂಕಿತೆಯೇ ನಿರ್ಧರಿಸಬೇಕು.

"ಅಂಗಾದ್ರೆ ಗದರ್ಸೋನಿಗೆ ನಿಜ ಸಿಗಾಕೇ ಇಲ್ವಾ?" ಎಂದು ಮಾಲೀಕರು ತಮ್ಮ ಕಾರ್ಡಿನತ್ತ ಬೇಸರದಿಂದ ನೋಡಿದರು.

"ಸಿಗತ್ತೆ ಅಂಕಲ್. ಆದ್ರೆ ಸರ್ ಪಕ್ಕದಲ್ಲೇ ಕೂತ್ಕೊಂಡು ಇಬ್ಬರಿಗೆ ಸಿಕ್ಕಿದ ಉತ್ತರಾನೂ ಹೋಲಿಸಿ ನೋಡ್ಬೇಕು."

ಆಗಲೇ ಕಚೇರಿಯಿಂದ ಫೋನು ಬಂತು. ಅವಳು ಎದ್ದು ಹೊರಗೆ ಹೋಗಲಿಲ್ಲ. ಅಲ್ಲಿಯೇ, ನಮ್ಮೆದುರಿಗೇ ಮಾತನಾಡಿದಳು. "ಇಲ್ಲ ಸಾರ್, ಬರಲ್ಲ... ಹೌದು, ಯೋಚನೆ ಮಾಡೇ ಹೇಳ್ತಿದೀನಿ." ಆಚೆಯವರು ಕಾರಣ ಕೇಳಿರಬೇಕು. "ಇಲ್ಲೊಂದು ವಿಚಾರಣೆ ಅರ್ಧಕ್ಕೆ ನಿಂತಿದೆ ಸಾರ್," ಎಂದಳು ಶಾಂತವಾಗಿ.

ಫೋನನ್ನು ಮಗುಚಿಟ್ಟು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡಳು. "ಹೇಳ್ರಿ ಅಕ್ಕಾರ, ನೀವು ಏನು ಕಂಡ್ರಿ?"

ತಾಯಿ ಅವಳನ್ನು ದೀರ್ಘವಾಗಿ ನೋಡಿ, ಅವಸರವಿಲ್ಲದೆ ಹೇಳತೊಡಗಿದರು.