ನಾನು ಮುಗಿಸಿದ ಒಂದೇ ರಸ್ತೆ

ಮುನಸಿಪಾಲಿಟಿಯ ಮೆಂಬರ್ ಆಗುವ ತನಕ ನಾನು ಸಾಕಷ್ಟು ನಿರುಪದ್ರವಿ ಮನುಷ್ಯನಾಗಿದ್ದೆ. ಕನ್ನಡ ಸಾಲೆಯ ಮಾಸ್ತರನಾಗಿ ಬಹಳ ಮಕ್ಕಳ ಕಿವಿ ಹಿಂಡಿದ್ದೇನೆ, ನಿಜ. ಆದರೆ ಆ ಕಿವಿಗಳೆಲ್ಲ ಆಮೇಲೆ ತಮ್ಮಷ್ಟಕ್ಕೆ ತಾವೇ ಸರಿಹೋದವು. ಮೆಂಬರ್ ಆಗಿ ನಾನು ಮಾಡಿದ ಉಪಕಾರ ಅಷ್ಟು ಸುಲಭವಾಗಿ ಸರಿಹೋಗಲಿಲ್ಲ. ಊರಿನ ಹೆಸರು ಹೇಳುವುದಿಲ್ಲ. ಹುನಗುಂದ ತಾಲೂಕಿನಲ್ಲಿ, ಮುಂಜಾನೆ ಚಕ್ಕಡಿ ಹೂಡಿಕೊಂಡು ಹೊರಟರೆ ಊಟದ ಹೊತ್ತಿಗೆ ಇಲಕಲ್ಲು ಮುಟ್ಟುವಷ್ಟು ದೂರದಲ್ಲಿದೆ ಎಂದರೆ ಸಾಕು. ಇಲಕಲ್ಲಿನಲ್ಲಿ ನನ್ನ ಬೀಗರಿದ್ದಾರೆ, ಆಗಾಗ ಹೋಗಿ ಮುಖ ತೋರಿಸಬೇಕು.

ಪೆನ್ಶನ್ ಆದ ಮನುಷ್ಯನಿಗೆ ಊರಿನ ದೋಷಗಳು ಒಮ್ಮೆಲೇ ಕಾಣತೊಡಗುತ್ತವೆ. ನನಗೆ ಕಂಡದ್ದು ನೇಕಾರರ ಓಣಿಯ ಬಾಯಲ್ಲಿದ್ದ ತಗ್ಗು. ಕಂಡದ್ದು ಎನ್ನುವುದಕ್ಕಿಂತ ಬಿದ್ದದ್ದು ಎನ್ನುವುದೇ ಸರಿ. ಮಳೆಗಾಲದ ಒಂದು ಸಂಜೆ ಧೋತರ, ಕೊಡೆ, ಕನ್ನಡಕ ಸಮೇತ ಅದರೊಳಗೆ ಇಳಿದೆ. ನನಗಿಂತ ಮೊದಲೇ ಬಂದು ಅಲ್ಲಿ ಮಲಗಿದ್ದ ಎಮ್ಮೆಯೊಂದು ತುಸು ಸರಿದು ಜಾಗ ಕೊಟ್ಟಿತು. ಊರಲ್ಲಿ ಅಷ್ಟು ಮರ್ಯಾದೆ ಮನುಷ್ಯರಿಂದಲೂ ನನಗೆ ಸಿಕ್ಕಿರಲಿಲ್ಲ. ಆ ತಗ್ಗು ನಾನು ಹುಟ್ಟುವ ಮೊದಲಿನದು. ಪರ ಊರಿನವರಿಗೆ ಮನೆ ಗುರುತು ಹೇಳುವಾಗ ಜನ ‘ತಗ್ಗಿನ ಆಚೆ’, ‘ತಗ್ಗಿನ ಈಚೆ’ ಎನ್ನುತ್ತಿದ್ದರು. ಮನೆಗೆ ಬಂದು ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ನಾನು ನಿಶ್ಚಯಿಸಿದೆ: ಚುನಾವಣೆಗೆ ನಿಲ್ಲಬೇಕು, ಈ ತಗ್ಗನ್ನು ಮುಚ್ಚಿಸಬೇಕು. ಹೆಂಡತಿ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟಳು.

“ಊರ ಉಸಾಬರಿ ಮಾಡಿ ಮುಲ್ಲಾ ಸೊರಗಿದ್ನಂತ. ನಿಮ್ಮ ಮೈಯಾಗ ಸೊರಗಲಿಕ್ಕೆ ಏನರ ಉಳದದೇನ್ರಿ?”

ನಾನು ಗೆದ್ದೆ. ಗೆದ್ದದ್ದಕ್ಕೆ ಕಾರಣ ತಗ್ಗಲ್ಲ, ಎದುರಿಗೆ ನಿಂತವನು ನನಗಿಂತ ಹೆಚ್ಚು ಜನರೊಂದಿಗೆ ಜಗಳವಾಡಿದ್ದ. ಆದರೆ ಗೆದ್ದವನಿಗೆ ಇಂಥ ಸಣ್ಣ ಸತ್ಯಗಳು ಹೊಳೆಯುವುದಿಲ್ಲ. ಆ ದಿನಗಳಲ್ಲಿ ನನ್ನ ತಲೆ ಎಷ್ಟು ಕೆಟ್ಟಿತ್ತೆಂದರೆ, ಬಾದಾಮಿಗೆ ಹೋದಾಗ ಗುಹೆಗಳ ಶಿಲ್ಪ ನೋಡುವುದನ್ನು ಬಿಟ್ಟು, ಇಷ್ಟು ಕಲ್ಲು ಕೊರೆದವರು ಗುಡ್ಡದ ಬುಡಕ್ಕೆ ಬರಲು ಎಂಥ ರಸ್ತೆ ಮಾಡಿದ್ದರೋ ಎಂದು ಯೋಚಿಸುತ್ತ ನಿಂತಿದ್ದೆ. ನಮ್ಮ ಸೀಮೆಯಲ್ಲಿ ಶಾಸನಗಳಿಗೇನೂ ಬರವಿಲ್ಲ. ಕೆರೆ ಕಟ್ಟಿಸಿದವರ ಹೆಸರಿದೆ, ಗುಡಿಗೆ ಹೊಲ ಬಿಟ್ಟವರ ಹೆಸರಿದೆ, ಕಳ್ಳರಿಂದ ದನ ಬಿಡಿಸಲು ಹೋಗಿ ಸತ್ತವರ ಹೆಸರೂ ಇದೆ. ನಾನು ಓದಿದಷ್ಟರಲ್ಲಿ ತಗ್ಗು ಮುಚ್ಚಿದವನ ಹೆಸರು ಒಂದು ಕಲ್ಲಿನ ಮೇಲೂ ಇಲ್ಲ. ಈ ಕೊರತೆಯನ್ನು ನಾನೇ ತುಂಬಬೇಕೆಂದು ಒಳಗೊಳಗೇ ಆಸೆಯಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮುನಸಿಪಾಲಿಟಿಯ ಕೆಲಸವೆಂದರೆ ಠರಾವು ಮಾಡುವುದು. ಕಂದೀಲು ಹಚ್ಚುವವನು ಹಚ್ಚಲಿಲ್ಲವೆಂದು ಒಂದು ಠರಾವು, ಹಚ್ಚಿದರೆ ಯಾಕೆ ಹಗಲಲ್ಲಿ ಹಚ್ಚಿದನೆಂದು ಇನ್ನೊಂದು. ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದಿಡುವವರು ಹೆಡ್ ಕ್ಲಾರ್ಕ್ ವೆಂಕೋಬರಾಯರು. ಅಧ್ಯಕ್ಷರು ಬದಲಾಗುತ್ತಿದ್ದರು, ಮೆಂಬರರು ಬದಲಾಗುತ್ತಿದ್ದರು, ರಾಯರು ಮಾತ್ರ ಹಾಗೇ ಇದ್ದರು. ನನ್ನ ರಸ್ತೆಯ ಕಾಗದ ಮಂಜೂರಿಗೆಂದು ವಿಜಾಪುರಕ್ಕೆ ಹೋಯಿತು. ಹೋಗುವಾಗ ಅದು ಮುಂಬಯಿ ರಾಜ್ಯದ ಕಾಗದ, ತಿರುಗಿ ಬರುವಾಗ ಮೈಸೂರು ರಾಜ್ಯದ್ದು. ನಡುವೆ ರಾಜ್ಯವೇ ಬದಲಾಯಿತು, ತಗ್ಗು ಕದಲಲಿಲ್ಲ.

ಮಂಜೂರಾದ ಮೇಲೆ ನಮ್ಮೂರಲ್ಲಿ ಒಂದು ಪದ್ಧತಿಯಿತ್ತು. ಗುತ್ತಿಗೆದಾರ ಬಂದು ರಸ್ತೆಯ ಎರಡೂ ತುದಿಗೆ ಖಡಿಯ, ಅಂದರೆ ಜಲ್ಲಿಕಲ್ಲಿನ, ಗುಡ್ಡೆ ಸುರಿಯುತ್ತಿದ್ದ. ಸುರಿದ ಮೇಲೆ ಗುಡ್ಡೆಯನ್ನು ಊರಿಗೆ ಒಪ್ಪಿಸಿ ಹೋಗಿಬಿಡುತ್ತಿದ್ದ. ಅದರ ಮೇಲೆ ಮುದುಕರು ಕೂತು ಎಲೆಅಡಿಕೆ ಹಾಕುತ್ತಿದ್ದರು, ಆಡುಗಳು ಹತ್ತಿ ನಿಂತು ಊರು ನೋಡುತ್ತಿದ್ದವು. ಕೆಲಸ ನಡೆದಿದೆ ಎಂದು ವೆಂಕೋಬರಾಯರು ವರ್ಷಕ್ಕೊಮ್ಮೆ ಬರೆಯುತ್ತಿದ್ದರು. ನಾನು ಈ ಪದ್ಧತಿ ಮುರಿದೆ. ದಿನಾ ಮುಂಜಾನೆ ಕೊಡೆ ಬಿಚ್ಚಿಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತೆ. ಖಡಿ ಹರಡಿಸಿದೆ, ಮೇಲೆ ಗರಸು ಮಣ್ಣು ಹಾಕಿಸಿದೆ, ನೀರು ಹೊಡೆಸಿದೆ, ಎತ್ತು ಕಟ್ಟಿ ಕಲ್ಲಿನ ಗುಂಡು ಎಳೆಸಿದೆ. ಬರೆದ ಲೆಕ್ಕ ಬಿಡಿಸದೆ ಕರಿಹಲಗೆ ಒರೆಸುವುದು ನನ್ನಿಂದ ಎಂದೂ ಆಗಿಲ್ಲ.

ಆಗ ಬಂದವಳು ಗೌರವ್ವ. ಆ ಓಣಿಯ ನೇಕಾರಗಿತ್ತಿ, ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳ ಜೊತೆ ಮಗ್ಗ ನಡೆಸಿಕೊಂಡು ಹೊರಟವಳು. ಸೀರೆಯ ಉದ್ದದ ಎಳೆಗಳಿಗೆ ಹಾಸು ಎನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಓಣಿಯ ಉದ್ದಕ್ಕೂ ಎಳೆದು, ಎರಡೂ ತುದಿ ಗೂಟಕ್ಕೆ ಬಿಗಿದು, ಗಂಜಿ ಬಳಿದು, ಎಳೆಗೆ ಎಳೆ ಅಂಟದಂತೆ ಬಿಡಿಸಿ ಒಣಗಿಸಬೇಕು. ಮನೆಯೊಳಗೆ ಅಷ್ಟು ಉದ್ದದ ಜಾಗ ಯಾರಿಗಿದೆ? ಓಣಿಯೇ ಅವರ ಕಾರಖಾನೆ. ಓಣಿಯವರೆಲ್ಲರ ಹಾಸಿನ ನೂಲಿಗೂ ಗಂಜಿ ಬಳಿಯುವವಳು ಗೌರವ್ವನೇ. ಅದೇ ಅವಳ ಅನ್ನ.

“ಮಾಸ್ತರ್ರ, ಆ ತಗ್ಗ ಇರವಲ್ದ್ಯಾಕ್ರಿ,” ಎಂದಳು. “ಅದು ಐತಂತ ಯಾವ ಗಾಡೀನೂ ಈ ಕಡಿ ಹಾಯಂಗಿಲ್ಲ. ಮುಂಜಾನಿ ಹಾಸು ಎಳಕೊಳ್ಳಾಕ ನಮಗ ಭಾಳ ಅನುಕೂಲ ಆಗೇತಿ.”

ನಾನು ಕೊಡೆ ಮಡಚಿ ಅವಳಿಗೆ ದೇಶದ ಪ್ರಗತಿಯ ವಿಷಯ ಹೇಳಿದೆ. ರಸ್ತೆಯೆಂದರೆ ಊರಿನ ನರ, ರಸ್ತೆಯಿದ್ದಲ್ಲಿ ಲಕ್ಷ್ಮಿ ಬರುತ್ತಾಳೆ, ಇತ್ಯಾದಿ. ಗೌರವ್ವ ಪೂರ್ತಿ ಕೇಳಿದಳು. “ಲಕ್ಷ್ಮಿ ನಡಕೋತನ ಬರ್ತಾಳಲ್ರಿ, ಆಕೀಗೆ ಮೋಟಾರ ಯಾಕ ಬೇಕು?” ಎಂದು ಹೊರಟುಹೋದಳು. ಓದು ಬರಹ ಇಲ್ಲದ ಹೆಣ್ಣುಮಗಳೆಂದು ನಾನು ಮರುಕಪಟ್ಟೆ.

ರಸ್ತೆ ಮುಗಿಯಿತು. ಅಧ್ಯಕ್ಷರು ಟೆಂಗಿನಕಾಯಿ ಒಡೆದರು. ಹಿಡಿದ ರಸ್ತೆ ಹಿಡಿದವರ ಕಣ್ಣೆದುರಿಗೇ ಮುಗಿದದ್ದು ಊರಿನ ನೆನಪಿನಲ್ಲೇ ಮೊದಲ ಸಲವಂತೆ. ಹೊಸ ಗರಸಿನ ಮೇಲೆ ಸುಮ್ಮನೆ ಅತ್ತಿಂದಿತ್ತ ನಾಲ್ಕು ಸಲ ನಡೆದೆ. ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ.

ಎಂಟು ದಿನದಲ್ಲಿ ಹತ್ತಿ ಲಾರಿಗಳು ಈ ದಾರಿಯನ್ನು ಪತ್ತೆಹಚ್ಚಿದವು. ಪೇಟೆಯ ಗದ್ದಲ ಸುತ್ತುವುದಕ್ಕಿಂತ ಓಣಿಯೊಳಗೆ ನೇರವಾಗಿ ಹಾಯ್ದರೆ ಹತ್ತಿ ಬಿಡಿಸುವ ಜಿನ್ನಿಗೆ ಬೇಗ ಮುಟ್ಟಬಹುದು. ಮೊದಮೊದಲು ಭೋಂಗಾ ಕೇಳಿದ ಕೂಡಲೇ ಹೆಂಗಸರು ಓಡಿಬಂದು, ಗೂಟ ಬಿಚ್ಚಿ, ಹಸಿ ಹಾಸನ್ನು ಎತ್ತಿ ಹಿಡಿದು ಗೋಡೆಗೆ ಒತ್ತಿ ನಿಲ್ಲುತ್ತಿದ್ದರು. ಒಂದು ಮುಂಜಾನೆ ಲಾರಿಯವನು ಭೋಂಗಾ ಬಾರಿಸಲಿಲ್ಲ. ಗೌರವ್ವನ ಹಾಸು ಮುಂದಿನ ಗಾಲಿಗೆ ಸಿಕ್ಕಿ, ಅರ್ಧ ಓಣಿ ಎಳೆದುಕೊಂಡು ಹೋಗಿ ಹರಿಯಿತು.

ನಾನು ಹೋಗುವಷ್ಟರಲ್ಲಿ ಅವಳು ನಡುರಸ್ತೆಯಲ್ಲಿ ಕೂತು, ಗಂಜಿ ಒಣಗುವ ಮೊದಲು ಸಿಕ್ಕಷ್ಟು ಎಳೆಗಳನ್ನು ಗಂಟು ಹಾಕುತ್ತಿದ್ದಳು. ಅಕ್ಕಪಕ್ಕ ಇಬ್ಬರು ಹೆಣ್ಣುಮಕ್ಕಳು. ಮೂವರ ಬೆರಳುಗಳೂ ಬಹಳ ಚುರುಕಾಗಿ ಓಡುತ್ತಿದ್ದವು, ಆದರೆ ಎಳೆಗಳು ಸಾವಿರಾರು. ನಾನು ಎದುರಿಗೆ ನಿಂತೆ. ಬೈದರೆ ಬೈಯಲಿ ಎಂದುಕೊಂಡಿದ್ದೆ. ಅವಳು ತಲೆಯೆತ್ತದೆ ನೆಲವನ್ನು ಒಮ್ಮೆ ಸವರಿದಳು.

“ರಸ್ತಾ ಚಲೋ ಆಗೇತ್ರಿ ಮಾಸ್ತರ್ರ. ಒಂದ ಹರಳ ಸೈತ ಇಲ್ಲ.”

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದವರ ಕಥೆಯನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೆ. ಮಾರಿಗೆಂದೇ ಬೀದಿ ಮಾಡಿಸಿಕೊಟ್ಟ ಮಾಸ್ತರನ ಕಥೆ ಯಾವ ಪಾಠದಲ್ಲೂ ಇರಲಿಲ್ಲ.

‘ಇಲ್ಲಿ ಮೋಟಾರು ಹಾಯಿಸಬಾರದು’ ಎಂದು ಒಂದು ಹಲಗೆಯ ಮೇಲೆ ನಾನೇ ಬರೆದು ನಿಲ್ಲಿಸಿದೆ. ಮರುದಿನ ಬಂದ ಲಾರಿಯವನು ಇಳಿದು, ಹಲಗೆ ಓದಿ, “ಅಕ್ಷರ ಎಷ್ಟ ಚಂದ ಅದಾವ್ರಿ!” ಎಂದು ಹೊಗಳಿ, ಮತ್ತೆ ಹತ್ತಿ ಓಣಿಯೊಳಗೇ ಹೋದ. ಕೊನೆಗೆ ವೆಂಕೋಬರಾಯರ ಮೇಜಿನೆದುರು ಹೋಗಿ ಕೂತೆ. ತಗ್ಗನ್ನು ಮತ್ತೆ ತೋಡಿಸಿಕೊಡಿರಿ ಎಂದೆ.

“ಮಾಸ್ತರ, ತಗ್ಗು ಮುಚ್ಚಲಿಕ್ಕೆ ಕಾಯ್ದೇದಾಗ ಅವಕಾಶ ಅದ. ತಗೀಲಿಕ್ಕೆ ಎಲ್ಲೆ ಅದರಿ?” ಎಂದರು ರಾಯರು. “ರಸ್ತಾ ಬಂದ್ ಮಾಡಬೇಕಂದ್ರ ವಿಜಾಪುರಕ್ಕ ಬರೀಬೇಕು, ಅವರು ಬೆಂಗಳೂರಿಗೆ ಬರೀತಾರ. ಉತ್ತರ ಬರೂದ್ರಾಗ ಗೌರವ್ವನ ಮೊಮ್ಮಕ್ಕಳು ಮೆಂಬರ್ ಆಗಿರ್ತಾರ.” ಆಮೇಲೆ ನಶ್ಯ ಏರಿಸಿದರು. “ನಮ್ಮೂರಾಗ ರಸ್ತಾ ತಾನ ಬಂದ್ ಆಗೂದು ಯಾವಾಗ ಹೇಳ್ರಿ? ರಿಪೇರಿ ಸುರು ಆದಾಗ.”

“ಮುಗದ ಮ್ಯಾಲೆ?”

“ನೀವು ಹೋಗಿ ಕೊಡಿ ಹಿಡಕೊಂಡು ಕೂಡಲಿಲ್ಲಂದ್ರ ಅದ್ಯಾಕ ಮುಗೀತದರಿ?”

ಒಂದೇ ಅಡಚಣೆಯಿತ್ತು. ರಿಪೇರಿಯಾಗಬೇಕಾದರೆ ರಸ್ತೆ ಕೆಟ್ಟಿರಬೇಕು. ಹೊಚ್ಚಹೊಸ ರಸ್ತೆ ಕೆಟ್ಟಿದೆಯೆಂದು ಹೇಳಿದರೆ ಜನ ನಂಬುವಂಥವನು ಊರಲ್ಲಿ ಒಬ್ಬನೇ: ಮಾಡಿಸಿದವನು.

ಜೀವಮಾನದಲ್ಲಿ ನನ್ನದೆಂದು ಹೇಳಿಕೊಳ್ಳಬಹುದಾದ ಕೆಲಸ ಅದೊಂದೇ. ಎರಡು ದಿನ ಒದ್ದಾಡಿದೆ. ಮೂರನೆಯ ದಿನ ಸಭೆಯಲ್ಲಿ ಎದ್ದುನಿಂತು, ನನ್ನ ಕಣ್ಗಾವಲಿನಲ್ಲಿ ಆದ ರಸ್ತೆ ತೀರ ಕಳಪೆಯೆಂದೂ ಕೂಡಲೇ ದುರಸ್ತಿಯಾಗಬೇಕೆಂದೂ ಹೇಳಿದೆ. ಸಭೆ ನೋಡಲು ಬಂದು ಎದುರು ಕೂತಿದ್ದ ಎಣ್ಣೆ ಅಂಗಡಿಯ ಶಿವಲಿಂಗಪ್ಪ ನನ್ನ ಹಳೆಯ ವಿದ್ಯಾರ್ಥಿ. ಅವನಿಗೆ ಹಬ್ಬವಾಯಿತು.

“ಲೆಕ್ಕ ತಪ್ಪಿದ್ರ ಮಾಸ್ತರು ನಮ್ಮನ್ನ ಬೆಂಚಿನ ಮ್ಯಾಲೆ ನಿಂದರಸ್ತಿದ್ರು. ಇವತ್ತ ತಾವ ನಿಂತಾರ, ನೋಡ್ರೆಪಾ!” ಎಂದ. ಸಭೆ ನಕ್ಕಿತು. ವೆಂಕೋಬರಾಯರು ಮಾತ್ರ ನಗದೆ, ಸದರಿ ಮೆಂಬರರು ತಮ್ಮ ಕೆಲಸ ನಿಕೃಷ್ಟವೆಂದು ತಾವೇ ಕಬೂಲು ಮಾಡಿದ್ದರಿಂದ ಸರ್ವಾನುಮತದಿಂದ ಠರಾವಾಯಿತೆಂದು ಬರೆದುಕೊಂಡರು. ಶಾಸನದಲ್ಲಿ ಹೆಸರು ಬರಬೇಕೆಂದಿದ್ದವನಿಗೆ ದಫ್ತರದಲ್ಲಿ ಬಂತು.

ಅದೇ ವಾರ ಓಣಿಯ ಎರಡೂ ಬಾಯಿಗೆ ಖಡಿ ಬಿತ್ತು. ಲಾರಿಗಳು ಬೈದುಕೊಳ್ಳುತ್ತ ಪೇಟೆಯ ದಾರಿ ಹಿಡಿದವು. ಗೌರವ್ವ ಮುಂಜಾನೆ ಹಾಸು ಎಳೆದಳು, ಹಾಗೇ ಒಣಗಿಸಿದಳು. ವಿಜಾಪುರದಿಂದ ತಪಾಸಣೆಗೆ ಬಂದ ಸಾಹೇಬರು ಗುಡ್ಡೆಯ ಮೇಲೆ ಬೆಳೆದ ಹುಲ್ಲು ನೋಡಿ, ಕೆಲಸ ಎಲ್ಲಿಗೆ ಬಂತೆಂದು ಕೇಳಿದಾಗ, “ನಡದದ್ರಿ,” ಎಂದು ನಾನೇ ಹೇಳಿದೆ. ಹೇಳಲು ಬಹಳ ಕಷ್ಟವಾಯಿತು. ಆ ಗುಡ್ಡೆ ಕಂಡಾಗಲೆಲ್ಲ ನನ್ನ ಕೈ ಕಡಿಯುತ್ತಿತ್ತು. ಒಂದೆರಡು ಸಲ, ಯಾರೂ ಇಲ್ಲವೆಂದುಕೊಂಡು, ಎಷ್ಟು ಖಡಿಯಿದೆ, ಎಷ್ಟು ದಿನದ ಕೆಲಸವಾದೀತು ಎಂದು ಕೊಡೆಯಿಂದ ಅಳೆದೂ ನೋಡಿದೆ.

ಮುಂದಿನ ಚುನಾವಣೆಯಲ್ಲಿ ನನ್ನ ಎದುರು ಶಿವಲಿಂಗಪ್ಪನೇ ನಿಂತ. ಮಾಸ್ತರ ಕೈಲಿ ಒಂದು ಓಣಿಯ ರಸ್ತೆ ಮುಗಿಯಲಿಲ್ಲ, ನಾನು ಮೂರು ತಿಂಗಳಲ್ಲಿ ಖಡಿ ಹರಡಿಸಿ ಮುಗಿಸುತ್ತೇನೆ ಎಂದು ಡಂಗುರ ಹೊಡೆಸಿದ. ನನಗೆ ಚಿಂತೆಯಿರಲಿಲ್ಲ. ಪೇಟೆಯವರು ಕೈಬಿಟ್ಟರೂ ನೇಕಾರರ ಓಣಿ ಇದೆಯಲ್ಲ! ಅವರ ಸಲುವಾಗಿ ಹೆಸರು ಕಳಕೊಂಡವನು ನಾನು.

ಸೋತೆ. ಓಣಿಯ ಓಟೆಲ್ಲ ಶಿವಲಿಂಗಪ್ಪನಿಗೆ ಬಿದ್ದಿದ್ದವು. ಮನೆಯ ಕಟ್ಟೆಯ ಮೇಲೆ ಮುಖ ಗಂಟು ಹಾಕಿಕೊಂಡು ಕೂತಿದ್ದಾಗ ಗೌರವ್ವ ಬಂದಳು. ಸೆರಗಿನಲ್ಲಿ ನಾಲ್ಕು ಜೋಳದ ತೆನೆ ತಂದಿದ್ದಳು.

“ಸಿಟ್ಟ ಆಗಬ್ಯಾಡ್ರಿ ಮಾಸ್ತರ್ರ. ನಾನ ಓಣಿಯವರಿಗೆ ಹೇಳಿ ಆತಗ ಓಟ ಹಾಕಸೇನಿ.”

“ಆತ ರಸ್ತಾ ಮುಗಸ್ತೇನಂತ ಆಣಿ ಮಾಡ್ಯಾನಲ್ಲ ಗೌರವ್ವ! ಮುಗಸಿದ್ರ ನಿನ್ನ ಗತಿ ಏನು?”

“ಆತ ಮುಗಸವಲ್ರಿ. ಹೇಳವ ಅಷ್ಟ.” ತೆನೆಗಳನ್ನು ಕಟ್ಟೆಯ ಮೇಲಿಟ್ಟು, ಬಹಳ ಪ್ರೀತಿಯಿಂದ ನನ್ನ ಮುಖ ನೋಡಿದಳು. “ನೀವು ಕೊಡೀಲೆ ಗುಡ್ಡಿ ಅಳೆಯೂದು ನೋಡೇನ್ರಿ. ಹಿಡದದ್ದ ಮುಗಸೋ ಮಂದಿ ನೀವು. ನಿಮ್ಮನ್ನ ಹೆಂಗ ನಂಬೂದ್ರಿ?”

ಮೊದಲು ಸಿಟ್ಟು ಬಂತು, ಆಮೇಲೆ ನಗು, ನಗುತ್ತಿರುವಾಗಲೇ ಕಣ್ಣಲ್ಲಿ ನೀರು. ಇಷ್ಟು ವರ್ಷದ ನೌಕರಿಯಲ್ಲಿ ಯಾವ ಸಾಲೆ ಇನ್ಸ್ಪೆಕ್ಟರನೂ ನನ್ನನ್ನು ಇಷ್ಟು ಸರಿಯಾಗಿ ಗುರುತಿಸಿ ಬರೆದಿರಲಿಲ್ಲ.

ಶಿವಲಿಂಗಪ್ಪ ತನ್ನ ಅವಧಿ ಪೂರ್ತಿ ಮಾಡಿದ, ಇನ್ನೊಮ್ಮೆಯೂ ಆರಿಸಿ ಬಂದ. ಓಣಿಗೆ ಕೊಟ್ಟ ಮಾತನ್ನು ಅವನು ಉಳಿಸಿಕೊಳ್ಳಲಿಲ್ಲ, ಓಣಿ ಅವನ ಮೇಲಿಟ್ಟ ನಂಬಿಕೆಯನ್ನು ಮಾತ್ರ ಒಂದು ದಿನವೂ ಕೆಡಿಸಲಿಲ್ಲ.